ಕೋವಿಯ ಈಡಿಗಿಂತ ಮೂಗರ್ಜಿಯ ಪೆಟ್ಟು ಹೆಚ್ಚು



ಮಲೆನಾಡಿನ ನಮ್ಮ ಹೋಬಳಿಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹೆಸರುಗಳು ಬೇಡ. ಮೇಲಿನ ಮನೆಯವರು, ಕೆಳಗಿನ ಮನೆಯವರು ಎಂದರೆ ಸಾಕು.

ಇಬ್ಬರೂ ಅಡಿಕೆ ತೋಟದವರು. ಇಬ್ಬರ ಮನೆಯಲ್ಲೂ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳಿದ್ದವು. ಹಿಂದಿನ ಕಾಲದಲ್ಲಿ ಅವರ ತಂದೆಯಂದಿರು ಒಂದೇ ತಂಡದಲ್ಲಿ ಬೇಟೆಗೆ ಹೋದವರು. ಅವರೂ ಹುಡುಗರಾಗಿದ್ದಾಗ ಹಳು ಸೋವಲು ಜೊತೆಗೆ ಹೋದವರು. ಒಂದು ಬೇಸಿಗೆಯಲ್ಲಿ ತೋಟದ ಕಾಲುವೆಯ ನೀರಿನ ಪಾಳಿಗೆ ಜಗಳ ಹತ್ತಿತು. ಮಾತು ನಿಂತಿತು. ಬೇಲಿಯ ಗೂಟ ಎರಡು ಸಲ ಕಿತ್ತು ಬಿತ್ತು. ಜೂನ್ ತಿಂಗಳ ಮೊದಲ ವಾರ ರೇಂಜ್ ಆಫೀಸಿಗೆ ಸಹಿಯಿಲ್ಲದ ಒಂದು ಅರ್ಜಿ ಬಂತು. ಮೇಲಿನ ಮನೆಯವರು ಕಾಡುಕುರಿ ಹೊಡೆದಿದ್ದಾರೆ, ತಲೆ ಮತ್ತು ತೊಗಲು ಕೊಟ್ಟಿಗೆಯ ದರಗಿನ ರಾಶಿಯ ಎಡಮೂಲೆಯಲ್ಲಿ ಗೊಬ್ಬರದ ಚೀಲದೊಳಗೆ ಇವೆ ಎಂದು ಅದರಲ್ಲಿ ಬರೆದಿತ್ತು.

ಇಲಾಖೆಯವರು ಬಂದರು. ಚೀಲ ಹೇಳಿದ ಜಾಗದಲ್ಲೇ ಸಿಕ್ಕಿತು. ಮೇಲಿನ ಮನೆಯವರು ಎಷ್ಟು ಹೇಳಿಕೊಂಡರೂ ಪ್ರಯೋಜನವಾಗಲಿಲ್ಲ. ಕೋವಿ ಜಪ್ತಿಯಾಯಿತು, ಯಜಮಾನರು ಹನ್ನೆರಡು ದಿನ ಜೈಲಿನಲ್ಲಿದ್ದರು. ಅಡಿಕೆಗೆ ಮೊದಲ ಸಲದ ಬೋರ್ಡೋ ಹೊಡೆಯಬೇಕಾದ ದಿನಗಳು ಅವೇ. ಕೊನೆಗಾರನನ್ನು ಕರೆಸಲು ಮನೆಯಲ್ಲಿ ಗಂಡಾಳಿರಲಿಲ್ಲ, ಮಳೆಯೂ ಬಿಡಲಿಲ್ಲ. ಆ ವರ್ಷ ಅರ್ಧ ತೋಟ ಕೊಳೆಗೆ ಹೋಯಿತು. ಕೋರ್ಟಿನಲ್ಲಿ ಕೇಸು ಎರಡು ವರ್ಷಕ್ಕೂ ಮೇಲೆ ನಡೆಯಿತು. ಕೊನೆಗೆ ಬಿಡುಗಡೆಯಾಯಿತು. ಆದರೆ ಊರು ಅವರನ್ನು ಬಿಡಲಿಲ್ಲ. “ಸಾಕ್ಷಿ ಸಾಲದೆ ಬಿಟ್ಟರು” ಎಂಬ ಮಾತು ಇಂದಿಗೂ ಚಾ ಅಂಗಡಿಯಲ್ಲಿ ಓಡಾಡುತ್ತಿದೆ.

ಆ ಅರ್ಜಿಯನ್ನು ಓದಿದ ಯಾರಿಗಾದರೂ ಒಂದು ಪ್ರಶ್ನೆ ಹುಟ್ಟಬೇಕಿತ್ತು. ಎಡಮೂಲೆ, ದರಗಿನ ಅಡಿ, ಗೊಬ್ಬರದ ಚೀಲ ಇಷ್ಟೆಲ್ಲ ಗುರುತು, ಇಟ್ಟವನಿಗಲ್ಲದೆ ಇನ್ನಾರಿಗೆ ಗೊತ್ತಿರಲು ಸಾಧ್ಯ? ಆ ಪ್ರಶ್ನೆಯನ್ನು ವಕೀಲರು ಕೇಳಿದ್ದು ಎರಡು ವರ್ಷದ ಮೇಲೆ. ಅಷ್ಟು ಹೊತ್ತಿಗೆ ತೋಟ ಹೋಗಿತ್ತು, ಮಾನ ಹೋಗಿತ್ತು.

ಬೇಟೆಯ ಪರವಾಗಿ ಮಾತಾಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಕಾಡುಪ್ರಾಣಿಯನ್ನು ಕದ್ದು ಹೊಡೆಯುವುದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಡೆಯದವನ ಮೇಲೆ ಹೊಡೆದನೆಂದು ಹೊರಿಸುವುದು ಅದಕ್ಕಿಂತ ದೊಡ್ಡ ಅಪರಾಧವೆಂದು ನನ್ನ ಖಚಿತ ಅಭಿಪ್ರಾಯ. ಅದರಿಂದ ಒಂದು ಮನೆ ಹಾಳಾಗುತ್ತದೆ, ಅದರ ಜೊತೆಗೆ ಕಾಡೂ ಹಾಳಾಗುತ್ತದೆ.

ಕಾಯಿದೆ ಏನು ಹೇಳುತ್ತದೆ

ಮೊದಲು ಕಾಯಿದೆಯನ್ನು ತಿಳಿಯೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಪದ್ಧತಿ ಸ್ವಲ್ಪ ಕಾಲ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ತೆಗೆದುಹಾಕಿತು. ಬೇಟೆ ಎಂದರೆ ಈಡು ಹೊಡೆಯುವುದು ಮಾತ್ರವಲ್ಲ. ಉರುಳು ಹಾಕುವುದು, ಬೋನು ಇಡುವುದು, ವಿಷ ಹಾಕುವುದು, ಹಿಡಿಯಲು ಅಟ್ಟುವುದು, ಇವುಗಳಿಗೆ ಪ್ರಯತ್ನ ಪಡುವುದು ಎಲ್ಲವೂ ಬೇಟೆಯೇ. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದದ್ದು ಅಪರಾಧವಲ್ಲ. ಬೆಳೆಗೆ ತೀರ ಹಾವಳಿ ಕೊಡುವ ಪ್ರಾಣಿಯ ವಿಷಯದಲ್ಲಿ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೂ ಅವರು ನೇಮಿಸಿದ ಅಧಿಕಾರಿಗೂ ಇದೆ. ಲಿಖಿತ ಅನುಮತಿಯಿಲ್ಲದೆ ಬೆಳೆ ಕಾಯುವ ಹೆಸರಿನಲ್ಲಿ ಈಡು ಹೊಡೆದರೆ ಅದು ತಪ್ಪೇ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ, ಮುಂದುವರಿಸಿದೆ. ಅದು ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ, ಬೇಟೆಯಾಡಲು ಅಲ್ಲ.

ಶಿಕ್ಷೆ ಕಠಿಣವಾಗಿದೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದವರೆಗೆ ಸಜೆ, ಇಲ್ಲವೆ 1 ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಕಾಟಿ, ನವಿಲು, ಚಿರತೆಯಂತಹ ಮೊದಲ ಅನುಸೂಚಿಯ ಪ್ರಾಣಿಗಳ ವಿಷಯವಾದರೆ, ಅಥವಾ ಅಭಯಾರಣ್ಯ ಇಲ್ಲವೆ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ, 3 ವರ್ಷಕ್ಕೆ ಕಡಿಮೆಯಿಲ್ಲದಂತೆ 7 ವರ್ಷದವರೆಗೆ ಸಜೆ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಉಪಯೋಗಿಸಿದ ಕೋವಿ, ವಾಹನಗಳನ್ನೂ ಜಪ್ತಿ ಮಾಡಬಹುದು.

ಎಲ್ಲಕ್ಕಿಂತ ಮುಖ್ಯವಾಗಿ ರೈತರು ತಿಳಿಯಬೇಕಾದದ್ದು 57ನೆಯ ಕಲಮು. ಮಾಂಸ, ತೊಗಲು, ಕೊಂಬು ಇಂಥವು ಒಬ್ಬನ ವಶದಲ್ಲಿದ್ದವೆಂದು ಸ್ಥಾಪಿತವಾದರೆ, ಅವು ಅಕ್ರಮವಾಗಿಯೇ ಅವನಲ್ಲಿವೆ ಎಂದು ಕೋರ್ಟು ಭಾವಿಸುತ್ತದೆ. ಹಾಗಲ್ಲವೆಂದು ತೋರಿಸುವ ಹೊಣೆ ಆರೋಪಿಯದೇ. ಕಳ್ಳಬೇಟೆಗಾರರು ಸುಲಭವಾಗಿ ತಪ್ಪಿಸಿಕೊಳ್ಳಬಾರದೆಂದು ಮಾಡಿದ ಕಲಮು ಇದು. ಆದರೆ ದ್ವೇಷ ಸಾಧಿಸುವವನ ಕೈಗೆ ಇದೇ ಒಳ್ಳೆಯ ಆಯುಧವಾಗುತ್ತದೆ. ಬಾಗಿಲಿಲ್ಲದ ಕೊಟ್ಟಿಗೆ, ಬೀಗವಿಲ್ಲದ ಪಂಪ್ ಮನೆ, ರಸ್ತೆ ಬದಿಯ ಹುಲ್ಲಿನ ಬಣವೆ ಇವೆಲ್ಲ ನಮ್ಮ ವಶದಲ್ಲಿವೆ ಎಂದೇ ಲೆಕ್ಕ. ರಾತ್ರಿ ಯಾರು ಬಂದು ಏನಿಟ್ಟು ಹೋದರೋ ಯಾರಿಗೆ ಗೊತ್ತು?

ಬೇಟೆ ಬಲ್ಲವನೇ ಏಕೆ

ಇಂತಹ ಸುಳ್ಳು ಆರೋಪಗಳನ್ನು ಹೆಚ್ಚಾಗಿ ಮಾಡುವವರು ಬೇಟೆಯನ್ನು ಬಲ್ಲವರೇ. ಇದು ಹೇಳಲು ಕಹಿ, ಆದರೂ ಹೇಳಲೇಬೇಕು. ಬೇಟೆ ಗೊತ್ತಿಲ್ಲದವನಿಗೆ ಕಾಡುಕುರಿಯ ತಲೆ ಎಲ್ಲಿಂದ ಬರಬೇಕು? ಯಾರ ಮನೆಯ ಕೋವಿ ಯಾವುದು, ಯಾರ ನಾಯಿ ಎಲ್ಲಿ ಕೂಗುತ್ತದೆ, ಯಾವ ಗಾರ್ಡು ಯಾವ ದಿನ ಯಾವ ಬೀಟಿನಲ್ಲಿರುತ್ತಾನೆ ಎಂಬುದು ಅವರಿಗೆ ಮಾತ್ರ ಗೊತ್ತು.

ಹಿಂದಿನ ಬೇಟೆಯ ತಂಡಗಳಲ್ಲೂ ಜಗಳವಿತ್ತು. ಮೊದಲ ಈಡು ಯಾರದು, ಬಿಲ್ಲಿಗೆ ಕೂತವನಿಗೆ ಎಷ್ಟು, ಹಳು ಸೋವಿದವನಿಗೆ ಎಷ್ಟು, ನಾಯಿಯ ಪಾಲು ಯಾರಿಗೆ ಎಂದು ಗಲಾಟೆಯಾಗುತ್ತಿತ್ತು. ನನ್ನ ತಂದೆ ಹೇಳುತ್ತಿದ್ದಂತೆ ಆ ಜಗಳವನ್ನು ಹಿರಿಯರೊಬ್ಬರು ಅಲ್ಲೇ ಬಗೆಹರಿಸುತ್ತಿದ್ದರು. ಸುಳ್ಳು ಹೇಳಿದವನನ್ನು ಮುಂದಿನ ಸಲ ತಂಡಕ್ಕೆ ಸೇರಿಸುತ್ತಿರಲಿಲ್ಲ. ಕೈಯಲ್ಲಿ ಕೋವಿ ಹಿಡಿದು ಪೊದೆಯ ಆಚೆ ಈಚೆ ನಿಲ್ಲುವವರಲ್ಲಿ ಒಬ್ಬನ ಮಾತನ್ನು ಇನ್ನೊಬ್ಬ ನಂಬಲಾಗದಿದ್ದರೆ ಜೀವಕ್ಕೇ ಅಪಾಯವಲ್ಲವೇ? ಆ ತಂಡಗಳು ಹೋದವು, ಹೋದದ್ದೇ ಒಳ್ಳೆಯದಾಯಿತು. ಆದರೆ ಜಗಳ ಉಳಿಯಿತು, ಬಗೆಹರಿಸುವ ಹಿರಿಯರು ಉಳಿಯಲಿಲ್ಲ. ಈಗ ಜಗಳ ನೇರವಾಗಿ ಅಂಚೆಯ ಲಕೋಟೆಯೊಳಗೆ ಕೂರುತ್ತದೆ.

ಇನ್ನೊಂದು ಬಗೆಯೂ ಇದೆ. ಇಂದಿಗೂ ಕದ್ದು ಬೇಟೆಯಾಡುವ ಕೆಲವರು ತಮ್ಮ ಮೇಲಿನ ಅನುಮಾನ ತಪ್ಪಿಸಲು ಬೇರೆಯವರ ಹೆಸರು ಹೇಳುತ್ತಾರೆ. ಗಾರ್ಡನನ್ನು ಒಂದು ದಿಕ್ಕಿಗೆ ಕಳುಹಿಸಿ ಇನ್ನೊಂದು ದಿಕ್ಕಿನಲ್ಲಿ ಈಡು ಹೊಡೆಯುತ್ತಾರೆ. ಬೀಟಿನ ಗಾರ್ಡು ನಡೆದು ಮುಗಿಸಲಾರದಷ್ಟು ಕಾಡನ್ನು ಕಾಯಬೇಕು. ಅವನ ಒಂದು ರಾತ್ರಿ ಸುಳ್ಳು ಅರ್ಜಿಯ ಹಿಂದೆ ಹೋದರೆ, ಆ ರಾತ್ರಿ ಕಾಡಿಗೆ ಕಾವಲಿಲ್ಲ. ಮೂರು ಸಲ ಸುಳ್ಳು ಅರ್ಜಿ ಕಂಡ ಅಧಿಕಾರಿ ನಾಲ್ಕನೆಯ ನಿಜವಾದ ಅರ್ಜಿಯನ್ನೂ ಮೂಲೆಗೆ ಎಸೆಯುತ್ತಾನೆ. ಸುಳ್ಳು ದೂರು ಕೊನೆಗೆ ಕಾಯುವುದು ನಿಜವಾದ ಕಳ್ಳನನ್ನೇ.

ಅಪರಾಧ ಪತ್ತೆಗೆ ನೆರವಾದವರಿಗೆ ವಿಧಿಸಿದ ದಂಡದಲ್ಲಿ ಅರ್ಧದವರೆಗೆ ಬಹುಮಾನ ಕೊಡಲು ಕೋರ್ಟಿಗೆ ಇದೇ ಕಾಯಿದೆಯಲ್ಲಿ ಅವಕಾಶವಿದೆ. ಪ್ರಾಮಾಣಿಕವಾಗಿ ಸುದ್ದಿ ಕೊಟ್ಟವನಿಗೆ ಅದು ಸಲ್ಲಬೇಕಾದದ್ದೇ. ಆದರೆ ಹಣದ ಆಸೆಗೆ ಚೀಲ ಇಡುವವನೂ ಇದ್ದಾನು ಎಂಬುದನ್ನು ತನಿಖೆ ಮಾಡುವವರು ಮರೆಯಬಾರದು.

ಆರೋಪ ಕಟ್ಟುವವರು ಊರಿನವರೇ ಆಗಬೇಕೆಂದೇನೂ ಇಲ್ಲ. ನೆರೆಯ ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಒಬ್ಬ ಆದಿವಾಸಿ ಯುವಕ ಆಟೋರಿಕ್ಷಾದಲ್ಲಿ ಕಾಡುಪ್ರಾಣಿಯ ಮಾಂಸ ಸಾಗಿಸಿದನೆಂದು ಅರಣ್ಯ ಸಿಬ್ಬಂದಿ ಅವನನ್ನು ಬಂಧಿಸಿದರು. ಜನರ ಪ್ರತಿಭಟನೆಯ ನಂತರ ಇಲಾಖೆಯೇ ನಡೆಸಿದ ವಿಚಾರಣೆಯಲ್ಲಿ ಅದು ಕಟ್ಟಿದ ಕೇಸೆಂದು ಹೊರಬಿತ್ತು, ಸಿಬ್ಬಂದಿ ಅಮಾನತುಗೊಂಡರು. ಅಲ್ಲಿ ಪ್ರತಿಭಟಿಸಲು ಜನ ನಿಂತರು. ಒಂಟಿ ಮನೆಯ ರೈತನ ಪರವಾಗಿ ಯಾರು ನಿಲ್ಲುತ್ತಾರೆ?

ನನ್ನದೇ ಒಂದು ತಪ್ಪು

ಬೇರೆಯವರನ್ನು ಆಡಿಕೊಳ್ಳುವ ಮುನ್ನ ನನ್ನದನ್ನೂ ಹೇಳಿಕೊಳ್ಳಬೇಕು. ಹತ್ತು ವರ್ಷಗಳ ಹಿಂದಿನ ಮಾತು. ಒಂದು ರಾತ್ರಿ ಪಕ್ಕದ ಗದ್ದೆಯ ಕಡೆಯಿಂದ ಈಡಿನಂತಹ ಸದ್ದು ಕೇಳಿತು. ಬೆಳಿಗ್ಗೆ ನೋಡಿದರೆ ಬದುವಿನ ಮೇಲೆ ರಕ್ತ. ನಾನು ಹಾಲಿನ ಡೈರಿಯ ಮುಂದೆ ನಾಲ್ಕು ಜನರೆದುರು, “ರಾತ್ರಿ ಅವರ ಮನೆಯಲ್ಲಿ ಹಬ್ಬ” ಎಂದು ನಕ್ಕೆ. ಅಷ್ಟೇ. ಆ ಮಾತು ಗಾರ್ಡಿನ ಕಿವಿಗೆ ಹೋಯಿತು. ಆ ಮನೆಯವರನ್ನು ಎರಡು ಸಲ ರೇಂಜ್ ಆಫೀಸಿಗೆ ಕರೆಸಿದರು, ದಿನವಿಡೀ ಹೊರಗೆ ಕೂರಿಸಿದರು. ಆಮೇಲೆ ತಿಳಿದದ್ದು ಇಷ್ಟು: ಸದ್ದು ಹಂದಿ ಓಡಿಸಲು ಹಚ್ಚಿದ ಗರ್ನಾಲಿನದು. ರಕ್ತ, ಹಂದಿಯ ಕೋರೆ ತಾಗಿದ ಅವರದೇ ನಾಯಿಯದು. ಆ ನಾಯಿ ಮೂರನೆಯ ದಿನ ಸತ್ತಿತ್ತು.

ನಾನು ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದೆ. ಕಾಫಿ ಕೊಟ್ಟರು, ಮಾತಾಡಲಿಲ್ಲ. ನಾನು ಅರ್ಜಿ ಬರೆದಿರಲಿಲ್ಲ ನಿಜ. ಆದರೆ ಬಾಯಿಂದ ಆಡಿದ್ದೂ ಅರ್ಜಿಯೇ ಎಂದು ಅಂದು ನನಗೆ ತಿಳಿಯಿತು. ಸದ್ದು ಕೇಳಿದ್ದನ್ನು ಕಂಡೆ ಎನ್ನಬಾರದು. ರಕ್ತ ಕಂಡದ್ದನ್ನು ಬೇಟೆ ಕಂಡೆ ಎನ್ನಬಾರದು.

ಹಾಗಾದರೆ ದೂರು ಕೊಡುವುದೇ ಬೇಡವೇ?

ಈ ಪ್ರಶ್ನೆಯನ್ನು ನನ್ನ ಮಿತ್ರರೊಬ್ಬರು ಕೇಳಿದರು. ಎಲ್ಲರೂ ಬಾಯಿ ಮುಚ್ಚಿ ಕೂತರೆ ಕಳ್ಳಬೇಟೆಗಾರರಿಗೆ ಹಬ್ಬವಲ್ಲವೇ, ಹೆಸರು ಹಾಕಿ ಬರೆದರೆ ಅವರು ನಮ್ಮನ್ನು ಬಿಡುತ್ತಾರೆಯೇ ಎಂದರು. ಅವರ ಭಯ ಸುಳ್ಳಲ್ಲ. ಕೋವಿ ಇರುವವನ ವಿರುದ್ಧ ಮಾತಾಡುವುದು ಸುಲಭವಲ್ಲ.

ದೂರು ಕೊಡಲೇಬೇಕು. ಆದರೆ ಗುಟ್ಟಾಗಿ ಕೊಡುವ ಸುದ್ದಿ ಬೇರೆ, ಹೆಸರಿಲ್ಲದ ಮೂಗರ್ಜಿ ಬೇರೆ. ಗುಟ್ಟಾಗಿ ಹೇಳುವವನು ಅಧಿಕಾರಿಯ ಮುಂದೆ ನಿಂತು, ನನ್ನ ಹೆಸರನ್ನು ಹೊರಗೆ ಹೇಳಬೇಡಿ ಎಂದು ಕೇಳಿಕೊಂಡು ತಾನು ಕಂಡದ್ದನ್ನು ಹೇಳುತ್ತಾನೆ. ಅಧಿಕಾರಿಗೆ ಅವನ ಮುಖ ಗೊತ್ತು. ನೀನೇ ಕಂಡೆಯಾ, ಎಲ್ಲಿಂದ ಕಂಡೆ, ನಿನಗೂ ಅವನಿಗೂ ಏನಾದರೂ ಜಗಳವಿದೆಯೇ ಎಂದು ಕೇಳಬಹುದು. ಮೂಗರ್ಜಿಯನ್ನು ಹೀಗೆ ಕೇಳಲಾಗದು. ಅದಕ್ಕೆ ಮುಖವಿಲ್ಲ, ಆದುದರಿಂದ ಹೊಣೆಯೂ ಇಲ್ಲ.

ಆದುದರಿಂದ ಇಲಾಖೆಯವರಿಗೆ ನನ್ನ ವಿನಂತಿ: ಮೂಗರ್ಜಿಯೊಂದನ್ನೇ ನಂಬಿ ಯಾರ ಮನೆಗೂ ನುಗ್ಗಬೇಡಿ. ಅದರಲ್ಲಿ ಬರೆದದ್ದನ್ನು ಬೇರೆ ದಾರಿಯಿಂದ ವಿಚಾರಿಸಿ. ವಸ್ತು ಸಿಕ್ಕರೂ, ಅಲ್ಲಿಗೆ ಯಾರು ಯಾರು ಹೋಗಿಬರಲು ಸಾಧ್ಯವಿತ್ತು ಎಂದು ಬರೆದುಕೊಳ್ಳಿ. ಮಾಂಸದ ಒಂದು ಚೂರಿನಿಂದ ಅದು ಯಾವ ಪ್ರಾಣಿಯದೆಂದು ಹೇಳುವ ಪ್ರಯೋಗಾಲಯಗಳು ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯಲ್ಲೂ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆಯಲ್ಲೂ ಇವೆ. ಕುರಿ ಮಾಂಸವನ್ನು ಕಾಡುಕುರಿಯೆಂದು ಕರೆಯುವ ಮೊದಲು ಅವರ ವರದಿ ಬರಲಿ.

ಆರೋಪ ಬಂದರೆ ಏನು ಮಾಡಬೇಕು

ಇಲಾಖೆಯವರು ಶೋಧನೆಗೆ ಬಂದರೆ ಅಡ್ಡಬೀಳಬೇಡಿ, ಕೂಗಾಡಬೇಡಿ. ಅಡ್ಡಿಪಡಿಸಿದರೆ ಇಲ್ಲದ ಕೇಸು ಇನ್ನೊಂದು ಹುಟ್ಟುತ್ತದೆ. ಊರಿನ ಇಬ್ಬರು ನಂಬಿಕಸ್ಥರನ್ನು ಕರೆಸಿ, ಅವರ ಎದುರಿಗೇ ಶೋಧನೆ ನಡೆಯಲೆಂದು ಕೇಳಿ. ಮಹಜರನ್ನು ಸ್ಥಳದಲ್ಲೇ ಬರೆಸಿ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಆ ಜಾಗಕ್ಕೆ ಬೀಗವಿತ್ತೇ ಇಲ್ಲವೇ ಎಂಬುದು ಅದರಲ್ಲಿರಬೇಕು. ಓದದೆ ಸಹಿ ಹಾಕಬೇಡಿ. ಓದು ಬಾರದಿದ್ದರೆ ಓದಿಸಿ ಕೇಳಿ. ಬರೆಯದ ಹಾಳೆಗೆ ಹೆಬ್ಬೆಟ್ಟು ಒತ್ತಬೇಡಿ. ಸಿಕ್ಕಿದ ವಸ್ತುವಿನ ಮಾದರಿಯನ್ನು ನಿಮ್ಮ ಎದುರಿಗೇ ಮೊಹರು ಮಾಡಲೆಂದು ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಪೊಲೀಸರು ಶೋಧನೆಯನ್ನು ಚಿತ್ರೀಕರಿಸಬೇಕೆಂಬ ನಿಯಮವಿದೆ. ಅರಣ್ಯದವರನ್ನೂ ಹಾಗೆಯೇ ಮಾಡಿರೆಂದು ವಿನಯದಿಂದ ಕೇಳಿ.

ಕೋವಿ ಇರುವವರು ಕಾಗದಪತ್ರ ಜೋಪಾನ ಮಾಡಬೇಕು. ಲೈಸೆನ್ಸಿನ ನವೀಕರಣ, ತೋಟೆ ಕೊಂಡ ಲೆಕ್ಕ, ಚುನಾವಣೆಯ ಕಾಲದಲ್ಲಿ ಠಾಣೆಗೆ ಕೋವಿ ಒಪ್ಪಿಸಿದ ರಸೀದಿ ಎಲ್ಲವೂ ಒಂದೇ ಕಡೆ ಇರಲಿ. ಇಂಥ ದಿನ ಈಡು ಹೊಡೆದನೆಂದು ಅರ್ಜಿ ಬಂದಾಗ, ಆ ದಿನ ಕೋವಿ ಠಾಣೆಯಲ್ಲಿತ್ತು ಎಂಬ ಒಂದು ಚೀಟಿ ಹತ್ತು ಸಾಕ್ಷಿಗಳಿಗೆ ಸಮ. ಅಭಯಾರಣ್ಯದಿಂದ 10 ಕಿಲೋಮೀಟರಿನೊಳಗೆ ವಾಸಿಸುವ ಕೋವಿಯುಳ್ಳವರು ಹೆಸರು ನೋಂದಾಯಿಸಬೇಕೆಂದು ಕಾಯಿದೆಯಿದೆ, ಅದನ್ನು ಮರೆಯಬೇಡಿ.

ನಿಮ್ಮ ಜಮೀನಿನಲ್ಲಿ ಕಾಡುಪ್ರಾಣಿ ಸತ್ತು ಬಿದ್ದಿದ್ದರೆ, ಉರುಳಿಗೆ ಸಿಕ್ಕಿದ್ದರೆ, ನಾಯಿ ಹಿಡಿದಿದ್ದರೆ, ಮುಟ್ಟದೆ ಕೂಡಲೇ ತಿಳಿಸಿ. ಸತ್ತ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ಯಾರ ವಶಕ್ಕೆ ಬಂದರೂ 48 ಗಂಟೆಯೊಳಗೆ ವರದಿ ಮಾಡಬೇಕೆಂದು ಕಾಯಿದೆ ಹೇಳುತ್ತದೆ. ಹೂತುಬಿಟ್ಟರೆ ಪೀಡೆ ಕಳೆಯಿತೆಂದು ತಿಳಿಯಬೇಡಿ. ಹೂತದ್ದನ್ನು ಕಂಡ ಕಣ್ಣೊಂದು ಇದ್ದೇ ಇರುತ್ತದೆ.

ಬಂಧನವಾದರೆ ವಕೀಲರಿಗೆ ಹಣವಿಲ್ಲವೆಂದು ಸುಮ್ಮನಿರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ವಿಚಾರಿಸಿ.

ಸುಳ್ಳು ಹೇಳಿದವನಿಗೂ ಶಿಕ್ಷೆಯಿದೆ

ಮೂಗರ್ಜಿ ಬರೆಯುವ ಮಹನೀಯರೂ ಈ ಪುಟ ಓದುತ್ತಿರಬಹುದು. ಅವರಿಗೂ ಎರಡು ಮಾತು. ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಮಿನಂತೆ, ಒಬ್ಬನಿಗೆ ತೊಂದರೆಯಾಗಲೆಂದು ಅಧಿಕಾರಿಗೆ ಸುಳ್ಳು ಸುದ್ದಿ ಕೊಟ್ಟರೆ 1 ವರ್ಷದವರೆಗೆ ಸಜೆ, ಇಲ್ಲವೆ 10,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಹಾನಿ ಮಾಡುವ ಉದ್ದೇಶದಿಂದ ಸುಳ್ಳು ಅಪರಾಧ ಹೊರಿಸಿದರೆ 248ನೆಯ ಕಲಮಿನಂತೆ 5 ವರ್ಷದವರೆಗೆ ಸಜೆಯಾಗಬಹುದು, 2 ಲಕ್ಷದವರೆಗೆ ದಂಡವೂ ಬೀಳಬಹುದು. ಕೋರ್ಟಿನಲ್ಲಿ ಬಳಕೆಯಾಗಲೆಂದು ಸುಳ್ಳು ಸಾಕ್ಷ್ಯ ಹುಟ್ಟಿಸಿದರೆ 7 ವರ್ಷದವರೆಗೆ. ಬೇಕೆಂದೇ ಪೀಡಿಸಲು ಜಪ್ತಿ ಮಾಡಿದ ಅಧಿಕಾರಿಗೂ ವನ್ಯಜೀವಿ ಕಾಯಿದೆಯ 53ನೆಯ ಕಲಮಿನಲ್ಲಿ 6 ತಿಂಗಳವರೆಗೆ ಸಜೆ ಹೇಳಿದೆ.

ಇದಲ್ಲದೆ ಇನ್ನೊಂದು ಮಾತಿದೆ. ನೆರೆಯವನ ಕೊಟ್ಟಿಗೆಯಲ್ಲಿ ತೊಗಲು ಇಡಬೇಕಾದರೆ, ಮೊದಲು ಆ ತೊಗಲು ಇಡುವವನ ಕೈಯಲ್ಲಿರಬೇಕಲ್ಲವೇ? ಅಂದರೆ ಬೇಟೆಯ ಕಾಯಿದೆ ಮುರಿದವನು ಅವನೇ. ಮೇಲಿನ ಮನೆಯ ಕೊಟ್ಟಿಗೆಗೆ ಬಂದ ಆ ಕಾಡುಕುರಿಯನ್ನು ಯಾರೋ ಒಬ್ಬರು ಕೊಂದಿದ್ದರು. ಆ ಕೊಂದವರನ್ನು ಇಂದಿನವರೆಗೂ ಯಾರೂ ಹುಡುಕಲಿಲ್ಲ. ಸುಳ್ಳು ಕೇಸಿನ ಗದ್ದಲದಲ್ಲಿ ನಿಜವಾದ ಬೇಟೆ ಮುಚ್ಚಿಹೋಯಿತು.

ನಮ್ಮ ಊರಿನ ವಾಚನಾಲಯಗಳಲ್ಲಿ, ಸಹಕಾರ ಸಂಘಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ. ಕೋವಿ ಇರುವವರೇ ಮೊದಲು ಸೇರಿ ಮಾತಾಡಲಿ. ಬೇಟೆಯಾಡುವುದಿಲ್ಲ, ಆಡುವವನನ್ನು ಕಂಡರೆ ಮುಚ್ಚಿಡುವುದಿಲ್ಲ, ಕಾಣದ್ದನ್ನು ಕಂಡೆನೆನ್ನುವುದಿಲ್ಲ ಎಂಬ ಮೂರು ಮಾತಿಗೆ ಊರು ಒಪ್ಪಿದರೆ ಸಾಕು. ನೀರಿನ ಜಗಳ ನೀರಿನಲ್ಲೇ ಮುಗಿಯಲಿ, ಬೇಲಿಯ ಜಗಳ ಬೇಲಿಯಲ್ಲೇ ಮುಗಿಯಲಿ.

ಮೇಲಿನ ಮನೆಯವರು ಈಗ ಕೋವಿ ಇಟ್ಟುಕೊಂಡಿಲ್ಲ. ಕೋರ್ಟಿನಿಂದ ವಾಪಸು ಬಂದ ಕೋವಿಯನ್ನು ಅವರೇ ಒಯ್ದು ಠಾಣೆಗೆ ಒಪ್ಪಿಸಿದರು. ಹಂದಿ ಬಂದರೆ ತಗಡು ಬಡಿಯುತ್ತಾರೆ. ಅವರ ಕೊಟ್ಟಿಗೆಗೆ ಈಗ ಬಾಗಿಲಿದೆ, ಬಾಗಿಲಿಗೆ ಬೀಗವಿದೆ. ದರಗಿನ ಕೊಟ್ಟಿಗೆಗೆ ಬೀಗ ಹಾಕುವ ಮನೆ ನಮ್ಮ ಊರಿನಲ್ಲಿ ಅದೊಂದೇ. ಇನ್ನೊಂದಾಗದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೈಯಲ್ಲಿದೆ.